ಗಾಳಿ ಎಷ್ಟಿತ್ತು

ಚಳ್ಳಕೆರೆ ದಾಟಿ, ಕಾವಲಿನ ಅಂಚಿಗೆ ನಮ್ಮ ಕ್ಯಾಂಪು.
ತಗಡಿನ ಶೆಡ್ಡು, ಒಂದು ಮೇಜು.
ಮೇಜಿನ ಮೇಲೆ ಬಿಳಿ ಬಟ್ಟೆ ಸುತ್ತಿಸಿಕೊಂಡು,
ಅರಗಿನ ಮುದ್ರೆ ಒತ್ತಿಸಿಕೊಂಡು,
ಹಸುಗೂಸಿನ ಹಾಗೆ ಮಲಗಿದೆ
ವೇಗ ಅಳೆಯುವ ಬಂದೂಕು.
ಗುಂಡಿಲ್ಲ ಇದಕ್ಕೆ, ಅಂಕಿ ಮಾತ್ರ.
ಎಪ್ಪತ್ತೊಂದು.
ನಲವತ್ತರ ಬೋರ್ಡಿನ ಪಕ್ಕ, ಬೆಳಗ್ಗೆ ಏಳೂ ಹತ್ತಕ್ಕೆ.

ನಾನು ಸಾಕ್ಷಿ ನಂಬರ್ ಒಂದು.
ಹವಾಲ್ದಾರ್ ರುದ್ರಮುನಿ, ಮಿಲಿಟರಿ ಪೊಲೀಸ್,
ಜಗಳೂರು ಕಡೆಯವನು.
ಎದುರಿಗೆ, ಟೋಪಿ ಬೆಲ್ಟು ಬಿಚ್ಚಿಸಿಕೊಂಡು
ಸೆಟೆದು ನಿಂತವನು ಡ್ರೈವರ್ ಪಾಲಯ್ಯ,
ಮೊಳಕಾಲ್ಮೂರಿನ ಹುಡುಗ.
ನಮ್ಮಿಬ್ಬರ ಊರುಗಳ ನಡುವೆ ಎರಡು ಬಸ್ಸು.
ಇಲ್ಲಿ ಮೂರು ಹೆಜ್ಜೆ.

ಯಂತ್ರ ಸರಿಯಿತ್ತೇ, ಎಂದರು ಮೇಜರ್ ನೇಗಿ.
ಇತ್ತು ಸಾಬ್.
ಮುಂಜಾನೆ ಶ್ರುತಿಕವೆಯನ್ನು ಮೊಣಕಾಲಿಗೆ ತಟ್ಟಿ
ಅದರ ಮೂತಿಗೆ ಹಿಡಿದಿದ್ದೆ. ಐವತ್ತು ತೋರಿಸಿತ್ತು.
ನಿಂತಲ್ಲೇ ನಿಂತು ಐವತ್ತರಲ್ಲಿ ಓಡುವ ಉಕ್ಕು.
ಡೈರಿಯಲ್ಲಿ ಬರೆದಿದೆ. ಸಹಿ ನನ್ನದೇ.

ಆರೋಪಿ ಏನಾದರೂ ಕೇಳಬಹುದು. ನಿಯಮ.
ಪಾಲಯ್ಯ ತಗಡಿನ ಸೂರು ನೋಡಿದ,
ಅದು ಪಟಪಟ ಅನ್ನುವುದನ್ನು ಕೇಳಿದ.
ಆಮೇಲೆ, ನನ್ನ ಕಡೆ ತಿರುಗಿ, ನಮ್ಮ ಮಾತಿನಲ್ಲಿ,
'ಅಣ್ಣಾ, ಅವತ್ತು ಗಾಳಿ ಎಷ್ಟಿತ್ತು?'

ಮೇಜರ್ ತಲೆಯೆತ್ತಿದರು. ಗಾಲಿ? ಬೈಯುತ್ತಿದ್ದಾನಾ?
ಅವರ ಭಾಷೆಯಲ್ಲಿ ಗಾಲಿ ಎಂದರೆ ಬೈಗುಳ.
ನಮ್ಮಲ್ಲಿ ಗಾಲಿ ಉರುಳುತ್ತದೆ, ಗಾಳಿ ಬೀಸುತ್ತದೆ,
ನಡುವೆ ಇರುವುದು ನಾಲಿಗೆಯ ಒಂದು ಮಡಿಕೆ.
ಶೆಡ್ಡಿನೊಳಗೆ ಅದನ್ನು ಬಿಡಿಸಬಲ್ಲವನು ನಾನೊಬ್ಬ.
ನನ್ನ ಮೇಲೆ ಎಸೆದ ಪ್ರಶ್ನೆಯನ್ನು
ನಾನೇ ಹಿಂದಿಗೆ ಹೊತ್ತು ಹಾಕಬೇಕು.

ಟೈರಿನ ಗಾಳಿ ಕೇಳುತ್ತಿದ್ದಾನೆ ಸಾಬ್,
ಅನ್ನಬಹುದಿತ್ತು.
ಪೂರ್ತಿ ಸುಳ್ಳೂ ಅಲ್ಲ.

ಆದರೆ ಹನ್ನೆರಡನೇ ತಾರೀಖು, ಅದೇ ಜಾಗ.
ರಸ್ತೆಯಲ್ಲಿ ನಾಯಿಯೂ ಇರಲಿಲ್ಲ.
ಸುಮ್ಮನೆ ಎತ್ತಿ ಹಿಡಿದೆ. ಅರವತ್ತೆಂಟು ಅಂದಿತು.
ಕಣ್ಣುಜ್ಜಿ ಮತ್ತೆ ಹಿಡಿದೆ. ಎಪ್ಪತ್ತೊಂದು.
ಯಾರು ಬಂದರು? ಯಾರು ಹೋದರು?
ಟಾರಿನ ಮೇಲೆ ಬಿಸಿಲು, ಅದರಾಚೆ ಗುಡ್ಡ,
ಗುಡ್ಡದ ಮೇಲೆ ಗಾಳಿಯಂತ್ರ,
ಮೂರು ರೆಕ್ಕೆ ಬಿಚ್ಚಿ ಗಿರಗಿರ ಗಿರಗಿರ.
ಅದನ್ನು ಡೈರಿಯಲ್ಲಿ ಬರೆಯಲಿಲ್ಲ ನಾನು.
ಗಾಳಿಯ ಮೇಲೆ ಯಾರು ಚಾರ್ಜ್ ಹಾಕುತ್ತಾರೆ?

ಹೇಳಿದೆ.
ಅಷ್ಟನ್ನೂ, ಕಣ್ಣುಜ್ಜಿದ್ದನ್ನೂ.
ಮೇಜರರ ಪೆನ್ನು ನಿಂತಿತು. ಮತ್ತೆ ನಡೆಯಿತು,
ಈ ಸಲ ಬೇರೆ ಹಾಳೆಯ ಮೇಲೆ, ನನ್ನ ಹೆಸರಿನಿಂದ.

ಯಾರೂ ಕೇಳಲಿಲ್ಲ, ನಿನ್ನ ಕಿವಿ ಏನಂದಿತು ಎಂದು.
ಹದಿನೇಳು ವರ್ಷ ರಸ್ತೆ ಬದಿ ನಿಂತ ಕಿವಿ.
ಎಂಜಿನ್ನಿನ ಕೂಗು ಕೇಳಿದರೆ ಸಾಕು,
ಕೆಚ್ಚಲು ಮುಟ್ಟಿ ಹಾಲು ಹೇಳುವವರ ಹಾಗೆ ಹೇಳುತ್ತೇನೆ.
ಅವನು ಜೋರಾಗಿಯೇ ಬಂದಿದ್ದ.
ಆದರೆ ಕಿವಿಗೆ ಸರ್ಟಿಫಿಕೇಟಿಲ್ಲ,
ಶ್ರುತಿಕವೆ ತಟ್ಟಿ ನೋಡಿದವರಿಲ್ಲ.

ಕೇಸು ಬಿತ್ತು.
ಸಂಜೆ ನೀರಿನ ಟ್ಯಾಂಕಿನ ಹತ್ತಿರ ಸಿಕ್ಕ,
ಒದ್ದೆ ತಲೆ, ಕೈಯಲ್ಲಿ ಬಕೆಟ್ಟು.
'ಅರವತ್ತೈದು ಇತ್ತಣ್ಣ. ಮುಳ್ಳು ನಾನೇ ನೋಡಿದ್ದೆ.'
ಯಾಕೋ?
'ಹುಲ್ಲೆ ಕಣಣ್ಣ. ಐದಾರು.
ಲಾರಿ ಪಕ್ಕಕ್ಕೇ ಬಂದ್ವು, ಹುಲ್ಲಿನ ಮೇಲೆ ಕಾಲೇ ಊರ್ತಿರ್ಲಿಲ್ಲ.
ನನ್ನ ಕಾಲು ತಾನೇ ಒತ್ತಿಬಿಡ್ತು.'

ಚಾರ್ಜ್ ಶೀಟಿನಲ್ಲಿ ಕಾರಣಕ್ಕೆ ಎರಡು ಗೆರೆ ಬಿಟ್ಟಿರುತ್ತಾರೆ.
ಹುಲ್ಲೆ ಹಿಡಿಸುವುದಿಲ್ಲ.

ಸೋಮವಾರ ನನ್ನ ಸರದಿ.
ಕರೆದೊಯ್ಯಲು ಬಂದ ಜಿಪ್ಸಿಯಲ್ಲಿ ಪಾಲಯ್ಯ, ಇಸ್ತ್ರಿ ಮಾಡಿದ ಮುಖ.
ಕಾವಲಿನುದ್ದಕ್ಕೂ ಮುಳ್ಳು ಮೂವತ್ತೆಂಟು ದಾಟಲಿಲ್ಲ.
ಸೈಕಲ್ಲಿನವನೊಬ್ಬ, ಹಿಂದೆ ಕುರಿಮರಿ ಕಟ್ಟಿಕೊಂಡು,
ಸ್ವಲ್ಪ ದೂರ ನಮ್ಮ ಜೊತೆಗೇ ಬಂದ.
ತಡವಾಗುತ್ತದೆ ಕಣೋ, ಎಂದೆ.
'ಎದುರುಗಾಳಿ ಅಣ್ಣ', ಎಂದ.